ಫಕೀರವ್ವನ ಹಸಿರು ಗುಂಡಿ

"ಒಂದಿಷ್ಟು ದಿನ ಔಷಧ ನಿಲ್ಲಿಸಿ ನೋಡೂಣೇನು?" ಎಂದು ಡಾಕ್ಟರ್ ಮುಮ್ತಾಜ್ ನದಾಫ್ ಕೇಳಿದ್ದೇ ತಡ, ನೀಲವ್ವ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಮಗುಚಿ ಬಿತ್ತು.

"ನಿಲ್ಲಸೂದಾ? ಯಾಕ ನಿಲ್ಲಸೂದು? ನಮ್ಮವ್ವ ಹಸಿರು ಅದಾಳ ಅಂತ ನಿಮ್ಮ ಮಷೀನ ಹೇಳಾಕತ್ತೈತಿ. ಕಣ್ಣ ಕಾಣಸ್ತಾವಿಲ್ಲೊ ನಿಮಗ?"

ನೆರಳಿನ ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡಬಾರದೆಂದು ಬಾಗಿಲ ಮೇಲೆಯೇ ಬರೆದಿದ್ದರು. ನೀಲವ್ವನಿಗೆ ಅದು ಲೆಕ್ಕಕ್ಕಿಲ್ಲ. ಬೆಟಗೇರಿಯಲ್ಲಿ ಆಕೆಯದು ಖಾರ ಕುಟ್ಟುವ ಗಿರಣಿ. ದಿನವಿಡೀ ಆ ಸದ್ದಿನ ಮೇಲೆ ಕೂಗಿ ಕೂಗಿ ಮೆತ್ತಗಿನ ದನಿ ಆಕೆಗೆ ಮರೆತೇ ಹೋಗಿತ್ತು. ಸೆರಗಿನಲ್ಲಿ ಸದಾ ಬ್ಯಾಡಗಿ ಮೆಣಸಿನಕಾಯಿಯ ಘಾಟು. ಆಕೆ ಒಳಗೆ ಕಾಲಿಟ್ಟರೆ ಕಂಪ್ಯೂಟರಿನ ಮುಂದೆ ಕೂತ ಹುಡುಗಿಯರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು.

ಕೋಣೆಯ ನಡುವೆ ಕಪ್ಪು ಗಾಜಿನ ಕಟ್ಟೆ. ಅದರ ಮೇಲೆ ಆಕೆಯ ಅವ್ವ ಫಕೀರವ್ವ ಬೆಳಕಿನಲ್ಲಿ ಮಾಡಿದ ಬೊಂಬೆಯ ಹಾಗೆ ನಿಂತಿದ್ದಳು. ನಿಜವಾದ ಫಕೀರವ್ವ ಆ ಹೊತ್ತಿಗೆ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು.

ಈ ಬೆಳಕಿನ ಮೈಯನ್ನು ಆಸ್ಪತ್ರೆಯವರು ನೆರಳು ಎನ್ನುತ್ತಿದ್ದರು. ರೋಗಿಯ ಬೆನ್ನಿಗೆ ಹಳೇ ಎಂಟಾಣೆಯಷ್ಟಗಲದ ಒಂದು ಬಿಲ್ಲೆ ಅಂಟಿಸುತ್ತಾರೆ. ಅದರಡಿ ಕಣ್ಣಿಗೆ ಕಾಣದ ಸೂಜಿಗಳು. ರಕ್ತದಲ್ಲಿ ಏನು ಇಳಿಯಿತು, ಏನು ಏರಿತು, ನಾಡಿ ಹೇಗೆ ಓಡಿತು, ಜ್ವರ ಬಂತೇ ಎಂಬುದನ್ನೆಲ್ಲ ಬಿಲ್ಲೆ ಆಸ್ಪತ್ರೆಗೆ ಕಳಿಸುತ್ತಲೇ ಇರುತ್ತದೆ. ಅದನ್ನು ಕೂಡಿಸಿ ಕಂಪ್ಯೂಟರು ರೋಗಿಯ ಇನ್ನೊಂದು ಮೈ ಕಟ್ಟುತ್ತದೆ. ನಿಜವಾದ ಮೈ ಇವತ್ತಿನಲ್ಲಿ ಇರುವಾಗಲೇ ಈ ಮೈಯನ್ನು ಮುಂದಿನ ತಿಂಗಳಿಗೆ, ಅದರಾಚೆಗೆ ಓಡಿಸಬಹುದು. ಔಷಧ ಕೊಟ್ಟು ಓಡಿಸಬಹುದು, ಕೊಡದೆಯೂ ಓಡಿಸಬಹುದು. ಯಾವ ದಾರಿಯಲ್ಲಿ ಎಲ್ಲಿ ಮುಗ್ಗರಿಸುತ್ತದೆ ಎಂದು ಮುಂಚಿತವಾಗಿ ನೋಡಬಹುದು.

ಸೂಜಿಗೆ ಸಿಗದೆ ಉಳಿದದ್ದು ನೋವೊಂದೇ. ಅದಕ್ಕಾಗಿ ರೋಗಿಯ ಕೈಗೆ ಮೂರು ಗುಂಡಿಯ ಡಬ್ಬಿ ಕೊಡುತ್ತಿದ್ದರು. ಹೊತ್ತು ಹೊತ್ತಿಗೆ ಅದು ಕೂಗುತ್ತದೆ. ತಡೆದುಕೊಳ್ಳುವಂತಿದ್ದರೆ ಹಸಿರು ಒತ್ತಬೇಕು, ಕಷ್ಟವಾದರೆ ಹಳದಿ, ಸಾಕಪ್ಪಾ ಅನ್ನಿಸಿದರೆ ಕೆಂಪು. ಔಷಧ ಸುರುವಾದಂದಿನಿಂದ ಫಕೀರವ್ವ ಹಸಿರು ಬಿಟ್ಟು ಬೇರೆ ಗುಂಡಿ ಮುಟ್ಟಿರಲಿಲ್ಲ.

"ಅದ ನನಗ ಚಿಂತಿ ಆಗೈತಿ, ನೀಲವ್ವಾರ," ಎಂದು ಮುಮ್ತಾಜ್ ಬಿದ್ದ ಕುರ್ಚಿಯನ್ನು ತಾನೇ ಎತ್ತಿ ನಿಲ್ಲಿಸಿದಳು. "ಎದಿಯಾಗಿನ ಕ್ಯಾನ್ಸರ್ ಈಗ ಲಿವರಿಗೆ, ಎಲುಬಿಗೆ ಹೋಗೈತಿ. ರಕ್ತ ಇಳದೈತಿ, ತೂಕ ಇಳದೈತಿ. ಈ ಔಷಧಕ್ಕ ಗಟ್ಟಿ ಗಟ್ಟಿ ಗಂಡಸರು ಕೆಂಪು ಒತ್ತತಾರ. ನಿಮ್ಮವ್ವಾರು ಬರೇ ಹಸಿರು. ಹಿಂಗಾಗಿ ನೆರಳು ಏನ್ ತಿಳಕೊಂಡೈತಿ ಅಂದ್ರ, ಈ ಮೈಗೆ ಔಷಧ ಒಗ್ಗೈತಿ, ನಡಸ್ರಿ ಅಂತ. ನನಗ್ಯಾಕೋ ನಂಬಿಗಿ ಬರವಲ್ದು."

"ಒಗ್ಗೈತಿ ಅಂದಮ್ಯಾಲ ಒಗ್ಗೈತಿ! ಅಕಿನ್ನ ಯಾರಂತ ತಿಳದೀರಿ? ರೈಲ್ವೆ ಗೇಟ್ ಕಾಯ್ದಾಕಿ. ನಿಮ್ಮಂಗ ಎಸಿ ಕೋಣಿಯಾಗ ಬೆಳದಾಕಿ ಅಲ್ಲ."

ಅದು ಸುಳ್ಳಲ್ಲ. ನೀಲವ್ವನ ಅಪ್ಪ ಹಳಿ ರಿಪೇರಿಯ ಗ್ಯಾಂಗ್‌ಮನ್ ಆಗಿದ್ದವನು ಕೆಲಸದ ಮೇಲೆಯೇ ತೀರಿಕೊಂಡ. ಅನುಕಂಪದ ಮೇಲೆ ಅವ್ವನಿಗೆ ಊರಾಚೆಯ ಗೇಟು ಸಿಕ್ಕಿತು. ಕೆಳಸೇತುವೆ ಕಟ್ಟಿ ಆ ಗೇಟನ್ನು ಕಿತ್ತುಹಾಕುವ ತನಕ ಫಕೀರವ್ವ ಅಲ್ಲಿಯೇ ನಿಂತಳು. ನೀಲವ್ವ ಬೆಳೆದದ್ದು ಆ ಗೇಟಿನ ಗುಡಿಸಲಲ್ಲಿ. ಊರ ಶಾಲೆಯಲ್ಲಿ ಅ ಆ ಕಲಿಯುವ ಮೊದಲೇ ಅವ್ವನಿಂದ ರೈಲಿನ ಪಾಠ ಕಲಿತಿದ್ದಳು. ಸ್ಟೇಷನ್ನಿನಿಂದ ಫೋನು ಕೂಗಿದರೆ ಗೇಟು ಹಾಕಬೇಕು. ಹಸಿರು ಬಾವುಟ ಹಿಡಿದು ನೆಟ್ಟಗೆ ನಿಲ್ಲಬೇಕು. ಬಾವುಟ ಕೈಗೆ ಸಿಗದಿದ್ದರೆ ಒಂದು ಕೈ ಚಾಚಿದರೆ 'ಹೋಗು' ಎಂದರ್ಥ, ಎರಡೂ ಕೈ ತಲೆಯ ಮೇಲೆತ್ತಿದರೆ 'ನಿಲ್ಲು'.

"ಇನ್ನೊಂದು ಮಾತು," ಎಂದಳು ಮುಮ್ತಾಜ್. "ನೀವು ಇಲ್ಲಿ ನೆರಳು ನೋಡಾಕ ಬರೂದು ಭಾಳ ಆಗೈತಿ. ಮನ್ಯಾಗ ಅವರ ಹತ್ರ ಕುಂದರ್ತೀರೇನು?"

ಕರೆಯದಿದ್ದರೂ ನೀಲವ್ವ ಇಲ್ಲಿಗೆ ಬರುತ್ತಿದ್ದಳು. "ದೀಪಾವಳಿ ತನಕ ಓಡಿಸ್ರಿ" ಎನ್ನುತ್ತಿದ್ದಳು. ಹುಡುಗಿಯರು ಓಡಿಸುತ್ತಿದ್ದರು. ನೆರಳು ದೀಪಾವಳಿ ದಾಟಿ ನೆಟ್ಟಗೆ ನಿಂತಿರುತ್ತಿತ್ತು. ಅದನ್ನು ನೋಡಿದ ದಿನ ಆಕೆಗೆ ಊಟ ಸೇರುತ್ತಿತ್ತು.

"ನಾ ಮನ್ಯಾಗ ಕುಂತ್ರ ಗಿರಣಿ ನಿಮ್ಮಪ್ಪ ನಡಸ್ತಾನೇನು?"

"ನಮ್ಮಪ್ಪ ಗಾದಿ ತುಂಬಾಂವ ರೀ. ಗಿರಣಿ ಕೊಟ್ರ ಅದಕ್ಕೂ ಅರಳಿ ತುಂಬಿಬಿಡ್ತಾನ," ಎಂದು ಮುಮ್ತಾಜ್ ನಕ್ಕಳು. ಹುಡುಗಿಯೊಬ್ಬಳು ಕರವಸ್ತ್ರದೊಳಗೇ ಕಿಸಕ್ಕೆಂದಳು.

"ಸೋಮವಾರ ಮುಂಜಾನೆ ಮುಂದಿನ ಬಾಟ್ಲಿ ಐತಿ. ಕರಕೊಂಡು ಬರಾಕ ವ್ಯಾನು ಮನಿಗೆ ಬರ್ತೈತಿ. ಅದಕ್ಕೂ ಮೊದ್ಲು ಅವರು ಗುಂಡಿ ಒತ್ತೂದನ್ನ ಒಮ್ಮೆ ನೀವು ಕಣ್ಣಾರೆ ನೋಡ್ರಿ. ಏನೂ ಕೇಳಬ್ಯಾಡ್ರಿ. ಸುಮ್ನ ನಿಂತು ನೋಡ್ರಿ."

"ನನಗ ಅದಕ್ಕ ಪುರಸತ್ತಿಲ್ಲ," ಎಂದು ನೀಲವ್ವ ಬಾಗಿಲು ಬಡಿದು ಹೊರಬಿದ್ದಳು.

ಗಿರಣಿಗೆ ಬಂದರೂ ಕೈ ನಿಲ್ಲಲಿಲ್ಲ. ಕುಟ್ಟಿದ ಖಾರವನ್ನೇ ಮತ್ತೆ ಜರಡಿಗೆ ಹಾಕಿದಳು. ಗಿರಾಕಿಯೊಬ್ಬಳು "ಅರಿಷಿಣ ಸಣ್ಣಗ ಆಗಿಲ್ಲಬೇ" ಎಂದದ್ದಕ್ಕೆ "ನಿನ್ನ ಮಾರಿಗೆ ಇಷ್ಟ ಸಾಕು" ಎಂದು ಕಳಿಸಿದಳು. ಆಮೇಲೆ ಆಕೆಯ ಹಿಂದೆ ಓಡಿಹೋಗಿ ಚೀಲ ಕಸಿದು ತಂದು ಇನ್ನೊಮ್ಮೆ ಕುಟ್ಟಿಕೊಟ್ಟಳು. ಮನಸ್ಸು ಮಾತ್ರ ಡಾಕ್ಟರೊಂದಿಗೇ ಜಗಳವಾಡುತ್ತಿತ್ತು. ಬೆಳಗ್ಗೆ ಅವ್ವ ತನ್ನ ಕಣ್ಣೆದುರೇ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡಳಲ್ಲ. ಈ ಔಷಧಕ್ಕೆ ಬಾಯಿ ಹುಣ್ಣಾದವರು ತನ್ನ ಗಿರಣಿಯ ಚಟ್ನಿ ತಿನ್ನುತ್ತಾರೇನು? ಇದನ್ನು ಆ ಡಾಕ್ಟರಿಗೆ ಹೇಳಬೇಕಿತ್ತು.

ಮಧ್ಯಾಹ್ನಕ್ಕೆ ಕರೆಂಟು ಹೋಯಿತು. ನೀಲವ್ವ ಗಿರಣಿಯ ಬಾಗಿಲು ಅರ್ಧ ಎಳೆದು, ತನಗೇ ಬೈದುಕೊಳ್ಳುತ್ತ ಮನೆ ಕಡೆ ನಡೆದಳು. ಕಣ್ಣಾರೆ ನೋಡಿ ಆ ನದಾಫರ ಹುಡುಗಿಯ ಬಾಯಿ ಮುಚ್ಚಿಸಿದರಾಯಿತು ಎಂದುಕೊಂಡು ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಒಳಗೆ ಬಂದಳು.

ಅಡುಗೆಮನೆಯಲ್ಲಿ ಬೆಳಗಿನ ತಾಟು ಹಾಗೆಯೇ ಇತ್ತು. ರೊಟ್ಟಿಯನ್ನು ನೀರಲ್ಲಿ ನೆನೆಸಿ ನಾಲ್ಕು ಚೂರು ತಿಂದಿದ್ದಳು ಅವ್ವ. ಚಟ್ನಿಯೆಲ್ಲ ಉಳಿದ ರೊಟ್ಟಿಯ ಅಡಿಯಲ್ಲಿ ಬಚ್ಚಿಟ್ಟುಕೊಂಡಿತ್ತು.

ನಡುಮನೆಯಲ್ಲಿ ಫಕೀರವ್ವ ಚಾಪೆಯ ಮೇಲೆ ಸಿಗಡಿಯ ಹಾಗೆ ಮುದುಡಿ ಮಲಗಿದ್ದಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಅದರ ಸಂದಿಯಿಂದ ಹೊರಬರುತ್ತಿದ್ದ ಸದ್ದನ್ನು ನೀಲವ್ವ ಹುಟ್ಟಿದ ಮೇಲೆ ಅವ್ವನಿಂದ ಕೇಳಿರಲಿಲ್ಲ.

ಆಗ ಡಬ್ಬಿ ಕೂಗಿತು.

ಫಕೀರವ್ವ ಸೆರಗನ್ನು ಬಾಯಿಂದ ತೆಗೆದಳು. ಬಲಗೈಯಿಂದ ಗೋಡೆ ಹಿಡಿದು ಎದ್ದಳು. ಎದೆಯ ಆಪರೇಷನ್ ಆದಾಗಿನಿಂದ ಎಡಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಔಷಧಕ್ಕೆ ಕೂದಲು ಉದುರಿದ ತಲೆಯ ಮೇಲೆ ಸೆರಗು ಹೊದ್ದು, ನಿರಿಗೆ ಸರಿಮಾಡಿಕೊಂಡು, ಕಿಟಕಿಗೆ ಎದುರಾಗಿ ನೆಟ್ಟಗೆ ನಿಂತಳು. ಡಬ್ಬಿಯನ್ನು ಕೈ ಚಾಚಿ ಹಿಡಿದು ಹೆಬ್ಬೆರಳಿನಿಂದ ಹಸಿರು ಒತ್ತಿದಳು. ಒತ್ತಿದ ಮೇಲೂ ಕೈ ಇಳಿಸಲಿಲ್ಲ. ಅವಳ ಕಣ್ಣು ಕಿಟಕಿಯಾಚೆ ಬಲದಿಂದ ಎಡಕ್ಕೆ ನಿಧಾನವಾಗಿ ಸರಿಯಿತು. ಹೊರಗೆ ಖಾಲಿ ಓಣಿ ಬಿಟ್ಟು ಮತ್ತೇನಿರಲಿಲ್ಲ. ರೈಲಿನ ಕೊನೆಯ ಡಬ್ಬಿಯೂ ದಾಟಿತೆನ್ನುವ ಹಾಗೆ ತಲೆಯಾಡಿಸಿ, ಗೋಡೆಗೆ ಬೆನ್ನು ಕೊಟ್ಟು ಜಾರಿ ನೆಲಕ್ಕೆ ಕೂತಳು. ಸೆರಗು ಮತ್ತೆ ಬಾಯಿಗೆ ಹೋಯಿತು.

"ಏನ ಬೇ ಇದು!" ನೀಲವ್ವನ ಕೂಗಿಗೆ ಹಿತ್ತಲ ಕೋಳಿಗಳು ಹಾರಿದವು. "ಸುಳ್ಳ ಒತ್ತತಿಯಲ್ಲ! ಇಷ್ಟು ದಿನಾನೂ ಸುಳ್ಳ ಒತ್ತೀ?"

ಫಕೀರವ್ವ ಬೆಚ್ಚಿ ನೋಡಿದಳು. ಆಮೇಲೆ ಅವಳಿಗೂ ಸಿಟ್ಟು ಬಂತು. "ಸುಳ್ಳ ಯಾಕ ಒತ್ಲಿ? ಲೈನ್ ಕ್ಲಿಯರ್ ಐತಿ, ಹಸಿರು ತೋರಿಸೀನಿ. ಜೀವನದಾಗ ಒಂದರ ಸುಳ್ಳ ಹಸಿರು ತೋರಿಸೀನೇನ ನಾ?"

"ನೋವು ಆಗಾಕತ್ತೈತಿಲ್ಲೊ ನಿನಗ?"

"ಆಗತೈತಿ. ಅದಕ್ಕ?"

"ಅದಕ್ಕ ಅಂದ್ರ? ನೋವಾದ್ರ ಕೆಂಪು ಒತ್ತಬೇಕು!"

"ಹುಚ್ಚಿ ಅದಿ ನೀ. ಗೇಟ್‌ನ್ಯಾಗ ಚೇಳು ಕಡದಾಗ ನಾ ಏನ ತೋರಿಸಿದ್ದೆ? ನೆನಪೈತೇನು? ನೀನ ಉಳ್ಳಾಗಡ್ಡಿ ಜಜ್ಜಿ ಕಾಲಿಗೆ ಹಚ್ಚಿದ್ದಿ."

ನೀಲವ್ವನಿಗೆ ನೆನಪಿತ್ತು. ಕಾಲು ಕುಂಬಳಕಾಯಿಯಂತೆ ಊದಿದ್ದರೂ ಅವ್ವ ಹಸಿರು ಬಾವುಟ ಹಿಡಿದು ಅಲುಗದೆ ನಿಂತಿದ್ದಳು. ಗಾರ್ಡಿನ ಡಬ್ಬಿ ದಾಟಿದ ಮೇಲೆ ಕೂತು ಅತ್ತಿದ್ದಳು.

"ಡ್ರೈವರಗ ಬೇಕಾಗಿದ್ದು ಗೇಟ್ ಹೆಂಗೈತಿ ಅಂತ," ಎಂದಳು ಫಕೀರವ್ವ, ಮೊದಲ ದಿನ ಕೆಲಸಕ್ಕೆ ಬಂದವಳಿಗೆ ತಿಳಿಹೇಳುವಂತೆ. "ಫಕೀರವ್ವ ಹೆಂಗದಾಳ ಅಂತ ಅವ ಯಾಕ ಕೇಳ್ತಾನ? ಹಳಿ ಮ್ಯಾಲ ಏನರ ಬಿದ್ರ ಕೆಂಪು. ನನ್ನ ಚೇಳು, ನನ್ನ ಜ್ವರ ಎಲ್ಲಾ ಗುಡಸಲದಾಗಿನ ಮಾತು. ಅದಕ್ಕ ಗಾಡಿ ನಿಂದರಸ್ತಾರೇನು? ಅಷ್ಟು ಮಂದಿ ಕುಂತಿರ್ತಾರ ಅದರಾಗ."

"ಯಾವ ಗಾಡಿ ಬೇ! ಇಲ್ಲಿ ಎಲ್ಲೈತಿ ಗಾಡಿ?"

ಫಕೀರವ್ವ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಖಾರ ಮೆತ್ತಿದ ಕೈ, ಏದುಸಿರು, ಕಾಲಲ್ಲಿ ಬಿಚ್ಚದೆ ಉಳಿದ ಚಪ್ಪಲಿ.

"ನೀನ ಗಾಡಿ," ಎಂದಳು. "ಮುಂಜಾನೆ ಭರ್ರಂತ ಹೋಗ್ತಿ, ಸಂಜಿಕ ಭರ್ರಂತ ಬರ್ತಿ. ಬಾಗಲದಾಗ ನಿಂತು 'ಹಸಿರ ಒತ್ತಿದ್ಯಾ' ಅಂತಿ. ಒತ್ತೀನಿ ಅಂದ್ರ ನಿನ್ನ ಮಾರಿ ಹೂವಿನಂಗ ಅರಳ್ತೈತಿ. ಹಿಂಗ ಬರೂ ಗಾಡಿಗೆ ನಾ ಕೆಂಪು ಹೆಂಗ ತೋರಸ್ಲಿ, ನೀಲಿ?"

ನೀಲವ್ವ ಅಡುಗೆಮನೆಗೆ ನುಗ್ಗಿದಳು. ತಾಟಿನಲ್ಲಿದ್ದ ಚಟ್ನಿಯನ್ನು ಒಯ್ದು ಹಿತ್ತಲಿಗೆ ಚೆಲ್ಲಿ, ಸ್ಕೂಟರು ಹತ್ತಿ ಮತ್ತೆ ಆಸ್ಪತ್ರೆಗೆ ಓಡಿದಳು. ಓಡುವಾಗಲೇ ಅನ್ನಿಸಿತು, ನೋಡು, ಮತ್ತೆ ಭರ್ರಂತ ಹೊಂಟೆ. ಆದರೂ ಸ್ಕೂಟರು ನಿಲ್ಲಿಸಲಿಲ್ಲ.

ಮುಮ್ತಾಜ್ ಎಲ್ಲ ಕೇಳಿದಳು. "ಗುಂಡಿ ಕೊಡೂವಾಗ ನಾವು ಹೇಳಿದ್ದು 'ಎಲ್ಲಾ ಸರಿ ಇದ್ರ ಹಸಿರು' ಅಂತ," ಎಂದು ಹಣೆ ಒತ್ತಿಕೊಂಡಳು. "ಯಾವುದು ಸರಿ ಅಂತ ಹೇಳಲಿಲ್ಲ." ಆಮೇಲೆ ಹುಡುಗಿಯರ ಕಡೆ ತಿರುಗಿ, "ಫಕೀರವ್ವಾರ ಗುಂಡಿ ಲೆಕ್ಕಾನೆಲ್ಲ ತಗೀರಿ. ಬರೇ ರಕ್ತದ ಮ್ಯಾಲ ಓಡಸ್ರಿ. ಎರಡೂ ದಾರಿ ತೋರಸ್ರಿ," ಎಂದಳು.

ಕಟ್ಟೆಯ ಮೇಲಿನ ಬೆಳಕು ಒಮ್ಮೆ ಆರಿ ಮತ್ತೆ ಹತ್ತಿತು. ಈಗ ಅಲ್ಲಿ ಇಬ್ಬರು ಫಕೀರವ್ವಂದಿರು. ನೀಲವ್ವ ಇಷ್ಟು ದಿನ ನೋಡಿ ಸಂತೋಷಪಟ್ಟಿದ್ದ, ನೆಟ್ಟಗೆ ನಿಂತ ಆ ಮೂರನೆಯವಳು ಎಲ್ಲಿಯೂ ಇರಲಿಲ್ಲ.

ಔಷಧ ಪಡೆಯುತ್ತಿದ್ದ ನೆರಳು ಮುಂದಿನ ವಾರದಲ್ಲೇ ಮಲಗಿತು. ಮಲಗಿಕೊಂಡೇ ದಿನಗಳನ್ನು ದಾಟಿತು. ಔಷಧ ನಿಲ್ಲಿಸಿದ ನೆರಳು ಸ್ವಲ್ಪ ತಡೆದು ಎದ್ದು ಕೂತಿತು. ಕೂತಲ್ಲಿಂದ ಕೈ ಆಡಿಸಿತು, ಕತ್ತು ತಿರುಗಿಸಿತು. ಕೆಲ ವಾರಗಳಾದ ಮೇಲೆ ಅದೂ ಮಲಗಿತು, ಮತ್ತು ಇನ್ನೊಂದಕ್ಕಿಂತ ಮೊದಲು ಆರಿಹೋಯಿತು. ಎರಡರಲ್ಲಿ ಒಂದೂ ದೀಪಾವಳಿ ಮುಟ್ಟಲಿಲ್ಲ. ಹುಡುಗಿಯರು ಓಟವನ್ನು ಹಿಂದಕ್ಕೆ ತಂದು, ನೆರಳು ಮಲಗಿದಲ್ಲಿ ನಿಲ್ಲಿಸಿದರು.

"ಅಂಚು ಮಸುಕು ಐತಿ, ನೋಡ್ರಿ," ಎಂದಳು ಮುಮ್ತಾಜ್. "ಹಿಂಗ ಆಗೇ ಆಗತೈತಿ ಅಂತಲ್ಲ. ಹೆಚ್ಚುಕಮ್ಮಿ ಹಿಂಗ."

"ಒಮ್ಮೆ ನಿಲ್ಲಿಸಿದ್ರ ಮತ್ತ ಸುರು ಮಾಡಾಕ ಬರ್ತೈತೇನು?"

"ಮೈ ಚೇತರಿಸ್ಕೊಂಡ್ರ ಮಾಡೂಣು. ಚೇತರಿಸ್ಕೊಂತೈತಿ ಅಂತ ನಾ ಮಾತು ಕೊಡೂದಿಲ್ಲ. ನೋವಿನ ಔಷಧ ಮಾತ್ರ ಒಂದಿನಾನೂ ನಿಲ್ಲೂದಿಲ್ಲ, ಅದನ್ನ ಇವತ್ತ ಹೆಚ್ಚು ಮಾಡ್ತೀನಿ. ನಾನ ಮನಿಗೆ ಬಂದು ನೋಡ್ತೀನಿ."

"ಯಾವುದು ಚಲೋ ಅಂತ ನೀವ ಹೇಳ್ರಿ ಬಾಯಾರ. ಓದಿದಾರು ನೀವು. ಇಷ್ಟು ದೊಡ್ಡ ಮಷೀನ್ ಇಟ್ಕೊಂಡೀರಿ, ಒಂದು ಮಾತು ಹೇಳಾಕ ಬರೂದಿಲ್ಲೇನು ಅದಕ್ಕ?"

"ದಾರಿ ಎರಡೂ ತೋರಿಸ್ತು. ನಡೆಯಾಕಿ ಅದಲ್ಲ, ನಾನೂ ಅಲ್ಲ. ಅವರನ್ನ ಕೇಳ್ರಿ, ನೀಲವ್ವಾರ."

ನೀಲವ್ವ ಕಟ್ಟೆಯ ಬಳಿ ಹೋಗಿ, ಮಲಗಿದ ನೆರಳಿನ ಹಣೆ ಮುಟ್ಟಲು ನೋಡಿದಳು. ಕೈ ಅದರೊಳಗಿಂದ ಹಾಯ್ದು ಗಾಜಿಗೆ ತಾಗಿತು. ಗಾಜು ತಣ್ಣಗಿತ್ತು.

ಕೇಳುವುದೆಂದರೆ ಹೇಗೆ ಕೇಳುವುದು? ಭಾನುವಾರವಿಡೀ ನೀಲವ್ವ ಅದನ್ನೇ ಬಾಯೊಳಗೆ ಹೊರಳಿಸಿದಳು. ಅವರ ಓಣಿಯಲ್ಲಿ ತಾಯಿಯ ಮುಂದೆ ಕೂತು 'ನಿನಗೆ ಇನ್ನೂ ಬದುಕಬೇಕೇನು' ಎಂದು ಯಾರೂ ಕೇಳಿದ್ದಿಲ್ಲ. ಹಾಗೆ ಕೇಳಿದ ಬಾಯಿಗೆ ಹುಳ ಬೀಳುತ್ತದೆ ಎನ್ನುತ್ತಾರೆ. ಬೆಳಗಿದ ಪಾತ್ರೆಯನ್ನೇ ಬೆಳಗಿದಳು. ಅಂಬಲಿ ಕಾಸಿದಳು, ಆರಿಸಿದಳು, ಕುಡಿಸಿದಳು. ಹೊಸ ಮಾತ್ರೆಗೆ ಅವ್ವ ಸ್ವಲ್ಪ ಹೊತ್ತು ನಿದ್ದೆ ಮಾಡಿದರೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡಿದಳು. ಒಮ್ಮೆ ಅವ್ವ ಕಣ್ಣು ಮುಚ್ಚಿಕೊಂಡೇ, "ಜೀವಂತ ಅದೀನಿ, ಸರಿ ಆ ಕಡೆ, ಖಾರದ ಘಾಟು," ಎಂದಳು.

ದೀಪ ಹಚ್ಚುವ ಹೊತ್ತಿಗೆ ನೀಲವ್ವ ಚಪ್ಪಲಿ ಬಿಚ್ಚಿಟ್ಟು ಚಾಪೆಯ ಪಕ್ಕ ಕೂತಳು. ಕೊನೆಗೆ ಗೇಟಿನ ಮಾತೇ ಬಾಯಿಗೆ ಬಂತು.

"ಯವ್ವಾ. ಖರೇ ಹೇಳು. ಲೈನ್ ಮ್ಯಾಲ ಏನರ ಬಿದ್ದೈತೇನು?"

ಫಕೀರವ್ವ ಛಾವಣಿಯ ಕಡೆ ಮುಖ ತಿರುಗಿಸಿದಳು.

"ಕೆಂಪು ತೋರಿಸಿದ್ರ ನೀ ಬೈತಿ," ಎಂದಳು.

"ಬೈಯೂದಿಲ್ಲ."

"ಅಳ್ತಿ."

"ಅಳ್ತೀನಿ. ಅದು ಗುಡಸಲದಾಗಿನ ಮಾತು. ನೀ ಗೇಟಿಂದು ಹೇಳು."

ಮುದುಕಿಯ ತುಟಿಯಂಚು ಸಣ್ಣಗೆ ಕೊಂಕಿತು. "ಅಡ್ಡಿ ಇಲ್ಲ, ಕಲತಿ," ಎಂದು ಮಗ್ಗುಲಾದಳು.

ಸೋಮವಾರ ಬೆಳಗ್ಗೆ ಆಸ್ಪತ್ರೆಯ ಬಿಳಿ ವ್ಯಾನು ಓಣಿಯ ತಿರುವಿನಲ್ಲಿ ಕಾಣಿಸಿತು. ಅದಕ್ಕೆ ಚಾಲಕನಿಲ್ಲ, ತಾನೇ ನೋಡಿ ತಾನೇ ಓಡುತ್ತದೆ. ಮೇಕೆ ಅಡ್ಡ ಬಂದರೂ ನಿಂತು ಕಾಯುತ್ತದೆ. ನೀಲವ್ವ ಚೀಲ ಹಿಡಿದು ನಿಂತಿದ್ದಳು. ಚೀಲದಲ್ಲಿ ಬಟ್ಟೆ, ನೀರಿನ ಬಾಟಲಿ, ಎಂದಿನಂತೆ ಎಲ್ಲವೂ ಇತ್ತು. ಅವ್ವ ಏನೂ ಹೇಳಿಲ್ಲವೆಂದರೆ ಹೋಗೋಣ ಎಂದೇ ಅರ್ಥ ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ನನ್ನ ಹೊರಗ ನಿಂದರಸು," ಎಂದಳು ಫಕೀರವ್ವ.

ಮಗಳ ಭುಜ ಹಿಡಿದು ಕಟ್ಟೆ ಇಳಿದಳು. ಓಣಿಯ ನಟ್ಟನಡುವೆ ಬಂದು, ಮಗಳ ಭುಜ ಬಿಟ್ಟು, ಬರುತ್ತಿದ್ದ ಗಾಡಿಗೆ ಎದುರಾಗಿ ನಿಂತಳು. ನಿರಿಗೆ ಸರಿಮಾಡಿಕೊಂಡಳು. ಬಲಗೈ ನಿಧಾನವಾಗಿ ಮೇಲೇರಿತು. ತಲೆ ದಾಟಿ ನೆಟ್ಟಗೆ ನಿಂತಿತು. ಎಡಗೈ ಸೊಂಟದಿಂದ ಎದ್ದು, ಎದೆಯ ಬಳಿ ಬಂದು, ಅಲ್ಲಿಯೇ ಉಳಿಯಿತು.

ವ್ಯಾನು ಬರುತ್ತಲೇ ಇತ್ತು.

"ಈ ಕೈ ಎತ್ತ, ನೀಲಿ," ಎಂದಳು ಅವ್ವ, ಕಣ್ಣು ಗಾಡಿಯ ಮೇಲಿಂದ ತೆಗೆಯದೆ. "ಒಂದ ಕೈಗೆ ಗಾಡಿ ನಿಂದರೂದಿಲ್ಲ. ಗೊತ್ತೈತಿಲ್ಲ ನಿನಗ?"

ಗೊತ್ತಿತ್ತು. ಅದಕ್ಕೇ ನೀಲವ್ವನ ಕೈ ಮುಂದೆ ಬರಲಿಲ್ಲ. ಈ ಕೈಯನ್ನು ಇಲ್ಲಿಗೇ ಬಿಟ್ಟರೆ ಅವ್ವ ಸೋತು ಕೂರುತ್ತಾಳೆ. ವ್ಯಾನಿನ ಬಾಗಿಲು ತೆರೆಯುತ್ತದೆ. ಬಾಟಲಿ ಏರುತ್ತದೆ. ಮಲಗಿಯಾದರೂ ಇನ್ನಷ್ಟು ದಿನ ಇರುತ್ತಾಳೆ. ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು.

"ಎತ್ತ," ಎಂದಳು ಫಕೀರವ್ವ. ಹಣೆಯ ಮೇಲೆ ಬೆವರೊಡೆದಿತ್ತು.

ನೀಲವ್ವ ಚೀಲವನ್ನು ನೆಲಕ್ಕೆ ಹಾಕಿದಳು. ಅವ್ವನ ಬೆನ್ನಿಗೆ ತನ್ನ ಎದೆ ಕೊಟ್ಟು ನಿಂತು, ಎಡ ಮೊಣಕೈಯ ಅಡಿ ಅಂಗೈಯಿಟ್ಟಳು. ಹುಲ್ಲುಕಡ್ಡಿಯಷ್ಟೂ ಭಾರವಿರಲಿಲ್ಲ. ಅವ್ವ ಹಲ್ಲು ಕಚ್ಚಿ ಉಸಿರೆಳೆದಾಗ ನಿಲ್ಲಿಸಿದಳು, ಉಸಿರು ಬಿಟ್ಟಾಗ ಎತ್ತಿದಳು. ಹಾಗೆ ಇಷ್ಟಿಷ್ಟೇ ಎತ್ತುತ್ತ ಎರಡನೆಯ ಕೈಯನ್ನೂ ತಲೆಯ ಮೇಲಕ್ಕೆ ತಂದು ಮೊದಲನೆಯದರ ಪಕ್ಕ ಹಿಡಿದಳು.

ವ್ಯಾನು ನಿಂತಿತು.

"ದಯವಿಟ್ಟು ಹಿಂದಿನ ಬಾಗಿಲಿನಿಂದ ಒಳಗೆ ಬನ್ನಿ," ಎಂದಿತು ಅದರ ಇಂಪಾದ ದನಿ.

"ಬಾಯಿ ಮುಚ್ಚಲೇ!" ಎಂದು ನೀಲವ್ವ ಅಬ್ಬರಿಸಿದಳು. ಕಣ್ಣಿಂದ ನೀರು ಗದ್ದಕ್ಕೆ ಬಂದಿತ್ತು. "ಹೋಗು. ಹೋಗಿ ಡಾಕ್ಟರ್ ಬಾಯಾರಿಗೆ ಹೇಳು, ಅವ್ವ ನಿಲ್ಲಸ್ಯಾಳ ಅಂತ."

"ನಿಂತ ಗಾಡಿಗೆ ಬೈಬಾರದು," ಎಂದಳು ಫಕೀರವ್ವ. ಕೈಗಳನ್ನು ಮಗಳ ಕೈಯೊಳಗೇ ಮೆಲ್ಲಗೆ ಇಳಿಸಿದಳು. "ಓಡಿ ಹೋಗಿ ಡ್ರೈವರಗ ಕಾರಣ ಹೇಳಬೇಕು. ಯಾಕ ನಿಂದರಿಸಿದ್ವಿ ಅಂತ. ಅದು ರೂಲ್."

"ಇದಕ್ಕ ಡ್ರೈವರ್ ಇಲ್ಲ ಬೇ."

ಫಕೀರವ್ವ ಬಗ್ಗಿ ವ್ಯಾನಿನ ಖಾಲಿ ಸೀಟನ್ನು ನೋಡಿದಳು. ನಂಬಿಕೆ ಬರದೆ ಇನ್ನೊಮ್ಮೆ ನೋಡಿದಳು.

"ಹಂಗಾರ ನಿನಗ ಹೇಳಬೇಕಾತು," ಎಂದಳು.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಬಿಸಿಲು ಇನ್ನೂ ಎಳೆಯದಿತ್ತು. ಗಿರಣಿಯ ಮುಂದೆ ಗಿರಾಕಿಗಳು ಬಂದು ನಿಂತಿರುವ ಹೊತ್ತು ಅದು. ನೀಲವ್ವ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ತಳ್ಳಿದಳು.

"ಹೇಳ ಬೇ. ಎಲ್ಲೆಲ್ಲಿ?"

"ಮೊದ್ಲು ಬಾಯಿ," ಎಂದು ಫಕೀರವ್ವ ಬೆರಳಿಟ್ಟು ತೋರಿಸಿದಳು. "ನಿನ್ನ ಚಟ್ನಿ ಐತೆಲ್ಲ, ಕೆಂಡ ಇಟ್ಟಂಗ ಆಗತಿತ್ತು ನನಗ. ಆಮ್ಯಾಲ ಇಲ್ಲಿ, ಈ ಪಕ್ಕಡಿ ಎಲುಬು. ಇಲ್ಲಿ ಮುಟ್ಟಬ್ಯಾಡ, ಬರೇ ನೋಡು..."

ಬೆರಳು ಒಂದೊಂದೇ ಜಾಗಕ್ಕೆ ಸರಿಯುತ್ತ ಹೋಯಿತು. ನೀಲವ್ವ ನಡುವೆ ಬಾಯಿ ಹಾಕಲಿಲ್ಲ, ಎದ್ದು ಹೋಗಲಿಲ್ಲ. ಓಣಿಯಲ್ಲಿ ವ್ಯಾನು, ನಟ್ಟನಡುವೆ ಬಿದ್ದ ಚೀಲದ ಮುಂದೆ, ದಾರಿಗಾಗಿ ಕಾಯುತ್ತ ನಿಂತೇ ಇತ್ತು.